ರೊಟ್ಟಿಗೊಂದು ತಾಟು, ಸಾರಿಗೊಂದು ತಾಟು

ಎಳ್ಳಮಾವಾಸ್ಯೆಗೆ ಹೊಲದಲ್ಲಿ 40 ಜನರ ಊಟ, ಏಪ್ರಿಲ್‌ನಲ್ಲಿ ಕಲಬುರಗಿಯ ಮನೆಯ ವಾಸ್ತುವಿಗೆ, ಅಂದರೆ ಗೃಹಪ್ರವೇಶಕ್ಕೆ, 200 ಜನ. ಎರಡಕ್ಕೂ ಪ್ಲಾಸ್ಟಿಕ್ ತಾಟು ಬೇಡ ಅಂತ ಹಟ ಹಿಡಿದವನು ನಾನೇ, ಹಾಗಾಗಿ ಬೈಸಿಕೊಂಡವನೂ ನಾನೇ.

ಹೊಲಕ್ಕೆ ಮುತ್ತಲ ಎಲೆಯ ಪತ್ರಾವಳಿ ಒಯ್ದಿದ್ದೆವು. ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲಿ ಬಂದು ಸಾಲಾಗಿ ಕೂತು ಉಣ್ಣುವವರಿಗೆ ಇದಕ್ಕಿಂತ ಚೆಂದದ್ದು ಇಲ್ಲ. ಬಿಸಿ ಭಜ್ಜಿ ಬಿದ್ದ ಕೂಡಲೇ ಎಲೆಯ ವಾಸನೆ ಏಳುತ್ತದೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕಡುಬು ಏನು ಹಾಕಿದರೂ ತಡೆಯುತ್ತದೆ. ಅಂಬಲಿ ಮಾತ್ರ ಹೊಲಿಗೆಯ ಸಂದಿನಿಂದ ನೇರ ಮಡಿಲಿಗೆ. ಚಳಿಗಾಲದ ಒಣ ಹವೆಗೆ ಎಲೆ ಪಟಪಟನೆ ಸೀಳುವುದರಿಂದ ಹಿಂದಿನ ರಾತ್ರಿಯೇ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಗಾಳಿಗೆ ಹಾರದಂತೆ ಮೊದಲು ರೊಟ್ಟಿಯನ್ನೇ ಬಡಿಸಬೇಕು, ಇದು ಅವ್ವನ ಉಪಾಯ.

ಒಂದು ಎಚ್ಚರ. ಪೇಟೆಯಲ್ಲಿ ಎಲೆ ತಾಟು ಅಂತ ಕೊಡುವುದೆಲ್ಲ ಎಲೆಯಲ್ಲ. ಯಂತ್ರದಲ್ಲಿ ಒತ್ತಿದ ಕೆಲವಕ್ಕೆ ಕೆಳಗೆ ರಟ್ಟು, ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಒಂದನ್ನು ಅಂಗಡಿಯವರ ಎದುರಿಗೇ ಹರಿದು ನೋಡಿದೆ. ಎಲೆ ಹರಿಯಿತು, ಹಾಳೆ ರಬ್ಬರಿನಂತೆ ಜಗ್ಗಿತು. ಕಾಗದದ ಗಿಲಾಸಿನ ಒಳಮೈಗೂ ಇದೇ ಕಥೆ. ಅದಕ್ಕೆ ನೀರಿಗೆ ಸ್ಟೀಲ್ ಲೋಟವನ್ನೇ ಇಟ್ಟೆವು. ತೊಳೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ.

ವಾಸ್ತುವಿಗೆ ನಿಂತು ಉಣ್ಣುವ ವ್ಯವಸ್ಥೆ. ಅಲ್ಲಿ ಪತ್ರಾವಳಿ ನಡೆಯದು. 150 ಬಗಾಸ್ ತಾಟು, 100 ಅಡಿಕೆ ಹಾಳೆಯ ತಾಟು ತಂದೆ. ಬಗಾಸ್ ಅಂದರೆ ಕಬ್ಬು ಹಿಂಡಿ ಉಳಿದ ಸಿಪ್ಪೆ. ನಮ್ಮ ಆಳಂದ, ಅಫಜಲಪುರದ ಕಡೆ ಕಬ್ಬಿಗೇನು ಕಡಿಮೆ? ಆದರೂ ನಾನು ಕೊಂಡ ಪೆಟ್ಟಿಗೆ ಹೊರ ರಾಜ್ಯದ್ದು. ಸಿಪ್ಪೆ ಬಹುಪಾಲು ಸಕ್ಕರೆ ಕಾರ್ಖಾನೆಯ ಬಾಯ್ಲರಿಗೇ ಹೋಗುತ್ತದೆ. ಅಡಿಕೆ ಹಾಳೆಯಂತೂ ಮಲೆನಾಡು, ಕರಾವಳಿಯಿಂದ ಬರಬೇಕು.

ಬಗಾಸ್ ತಾಟಿಗೆ 4 ರೂಪಾಯಿ, ಹಾಳೆಯದಕ್ಕೆ 6. ಲೆಕ್ಕದಲ್ಲಿ ಬಗಾಸ್ ಅಗ್ಗ. ಅನ್ನಕ್ಕೆ ಕಟ್ಟಿನ ಸಾರು ಬಿದ್ದು ಹತ್ತು ನಿಮಿಷಕ್ಕೆ ಲೆಕ್ಕ ತಿರುಗಿತು. ತಾಟು ನಡುವೆ ಮೆತ್ತಗಾಗಿ ಬಾಗಿತು. "ತಮ್ಮಾ, ನಿನ್ನ ತಾಟು ಮಲ್ಕೊಳ್ಳಕತ್ತದ ನೋಡು" ಅಂದರು ನಮ್ಮ ಕಾಕಾ. ಆಮೇಲೆ ಬಂದವರೆಲ್ಲ ಎರಡೆರಡು ಜೋಡಿಸಿ ಹಿಡಿದರು. ಅಂದರೆ ಒಬ್ಬರಿಗೆ 8 ರೂಪಾಯಿ! 150 ತಾಟು ಅರ್ಧ ಊಟಕ್ಕೇ ಖಾಲಿ. ಎಣ್ಣೆಗಾಯಿಯ ಎಣ್ಣೆಗೆ ಮಾತ್ರ ಅದು ಅಂಜಲಿಲ್ಲ. ಆದರೆ ಎಣ್ಣೆ ಇಳಿಯದಿರಲೆಂದು ಇಂಥ ತಾಟುಗಳಿಗೆ ಕೆಲವು ತಯಾರಕರು ಬೆರೆಸುವ ಫ್ಲೋರಿನ್ ರಾಸಾಯನಿಕಗಳು ಮಣ್ಣಿನಲ್ಲಿ ಕರಗುವಂಥವಲ್ಲ. ಅದಿಲ್ಲದ್ದು ಅಂತ ಪೊಟ್ಟಣದ ಮೇಲೆ ಬರೆದಿದೆಯೇ ನೋಡಿ ಕೊಳ್ಳಬೇಕು.

ಹಾಳೆಯ ತಾಟು ಗಟ್ಟಿ. ಸಾರು, ಹುಗ್ಗಿ, ತುಪ್ಪ ಎಲ್ಲ ಹೊತ್ತರೂ ಕೈ ಸುಡಲಿಲ್ಲ. ಒಬ್ಬ ಅಜ್ಜಿ "ಇದನ್ನ ತೊಳ್ದು ಕೊಡ್ಲೇನು?" ಅಂತ ಕೇಳಿದರು. ಕೊರತೆ ಇಲ್ಲವೆಂದಲ್ಲ. ತೇವ ತಗುಲಿದ್ದ ಎಂಟು ಹತ್ತು ತಾಟಿಗೆ ಬೂಷ್ಟು ಬಂದಿತ್ತು, ಬಿಸಿಲಿಗಿಟ್ಟರೂ ಕಲೆ ಹೋಗಲಿಲ್ಲ, ಎಸೆದೆ. ಅಡಿಕೆಯಲ್ಲೇ ಇರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಊಟಕ್ಕೆ ಇಳಿಯಬಹುದೆಂದು 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ತಾಟುಗಳನ್ನು ಅಲ್ಲಿ ಮಾರುವಂತಿಲ್ಲ ಎಂದಿತು. ವರ್ಷಕ್ಕೆರಡು ಊಟಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ. ದಿನಾ ಉಣ್ಣುವವರು ಯೋಚಿಸಲಿ.

ಎಂಜಲು ತಾಟನ್ನು ಕಸದ ಗಾಡಿಗೆ ಕೊಟ್ಟರೆ ಎಲ್ಲದರ ಜೊತೆ ಬೆರೆತು ಹೋಗುತ್ತದೆ. ಅದಕ್ಕೆ ಗೋಣಿಚೀಲದಲ್ಲಿ ತುಂಬಿ ಹೊಲದ ತಿಪ್ಪೆಗೆ ಒಯ್ದೆ, ಉಳಿದಿದ್ದ ನಾಲ್ಕು ಪತ್ರಾವಳಿಯನ್ನೂ ಜೊತೆಗೆ ಹೂತೆ. ಮೇ ಇಡೀ ಏನೂ ಆಗಲಿಲ್ಲ. ನಮ್ಮ ಬಿಸಿಲಿಗೆ ತಿಪ್ಪೆಯೂ ಹಪ್ಪಳದಂತೆ ಒಣಗುತ್ತದೆ, ಹಸಿ ಇಲ್ಲದೆ ಕೊಳೆಯುವುದಾದರೂ ಹೇಗೆ? ಮಳೆ ಹಿಡಿದ ಮೇಲೆ ಆಗಸ್ಟ್‌ನಲ್ಲಿ ಕೆದಕಿದೆ. ಬಗಾಸ್ ಗುರುತೇ ಇಲ್ಲ. ಪತ್ರಾವಳಿಯ ಕಡ್ಡಿಗಳಷ್ಟೇ ಸಿಕ್ಕವು. ಹಾಳೆಯ ತಾಟಿನ ಅಂಚು ಮಾತ್ರ ಹಳೇ ಚಪ್ಪಲಿಯ ಅಟ್ಟೆಯಂತೆ ಉಳಿದಿತ್ತು. ಹರಿದು, ನೆನೆಸಿ ಹಾಕಬೇಕಿತ್ತು.

ಮುಂದಿನ ತಿಂಗಳು ತಂಗಿಯ ಮಗುವಿನ ತೊಟ್ಟಿಲು. ಕೂತು ಉಣ್ಣುವವರಿಗೆ ಪತ್ರಾವಳಿ, ನಿಲ್ಲುವವರಿಗೆ ಹಾಳೆ ಅಂತ ಪಟ್ಟಿ ಬರೆದು ಅವ್ವನಿಗೆ ತೋರಿಸಿದೆ. ಬಗಾಸ್ ಕೈಬಿಟ್ಟಿದ್ದೆ. ಅವ್ವ ಪಟ್ಟಿ ನೋಡಲೇ ಇಲ್ಲ. "ಅಟ್ಟದ ಮ್ಯಾಲ ಅರವತ್ತು ಸ್ಟೀಲ್ ತಾಟು ಅವ. ತೊಳ್ಯಾವರು ಯಾರಂತ ಅಷ್ಟು ಹೇಳು" ಅಂದಳು.