ಕವಳ ಮತ್ತು ಬಾಯಿ ಕ್ಯಾನ್ಸರ್: ಹಿಂದಕ್ಕೆ ನೋಡೋದಾ, ಮುಂದಕ್ಕೆ ನೋಡೋದಾ?

ತೀರ್ಥಹಳ್ಳಿಯ ತಂಗಿಯೊಬ್ಬಳು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದಾಳೆ. ಕವಳದಿಂದಲೇ, ಅಂದರೆ ಎಲೆ-ಅಡಿಕೆ ಜಗಿಯುವುದರಿಂದಲೇ, ಬಾಯಿ ಕ್ಯಾನ್ಸರ್ ಬರುತ್ತದೆಂದು ತೋರಿಸಲು ಕೇಸ್-ಕಂಟ್ರೋಲ್ ಅಧ್ಯಯನ ಸಾಕಾ, ಕೋಹಾರ್ಟ್ (ರೋಗವಿಲ್ಲದವರ ಗುಂಪನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ) ಬೇಕಾ ಎಂದು ಕೇಳಿದ್ದಾಳೆ.

ಖರ್ಚು, ಸಮಯ ನೋಡಿದರೆ ಕೇಸ್-ಕಂಟ್ರೋಲ್. ರೋಗ ಬಂದವರನ್ನೂ ಬಾರದವರನ್ನೂ ಹಳೆಯ ಅಭ್ಯಾಸ ಕೇಳಿದರಾಯಿತು. ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಬ್ರಿಟಿಷ್ ಸಂಶೋಧಕರಾದ ಡಾಲ್ ಮತ್ತು ಹಿಲ್ 1950ರಲ್ಲಿ ಹೀಗೇ ಶುರು ಮಾಡಿದ್ದು. ಆಮೇಲೆ 1951ರಿಂದ 34,000ಕ್ಕೂ ಹೆಚ್ಚು ಬ್ರಿಟಿಷ್ ಪುರುಷ ವೈದ್ಯರ ಕೋಹಾರ್ಟ್. ಅದು 50 ವರ್ಷ ನಡೆಯಿತು!

ಆದರೆ ನೆನಪನ್ನು ನಂಬುವುದು ಕಷ್ಟ. ದಿನಕ್ಕೆ ಎಷ್ಟು ಕವಳ ಅಂತ ಅಜ್ಜನನ್ನು ಕೇಳಿ ನೋಡು. ಎಲೆಸಂಚಿ ಬಿಚ್ಚುತ್ತಾ, 'ಲೆಕ್ಕ ಇಟ್ಟವರ್ಯಾರು ಮಾರಾಯ್ತಿ' ಅನ್ನುತ್ತಾರೆ. ಕಾಯಿಲೆ ಬಿದ್ದವರು ಕೆದಕಿ ಕೆದಕಿ ನೆನೆಯುತ್ತಾರೆ, ಗಟ್ಟಿ ಇದ್ದವರು ಮರೆತಿರುತ್ತಾರೆ. ಕೋಹಾರ್ಟ್‌ನಲ್ಲಿ ಅಭ್ಯಾಸವನ್ನು ರೋಗಕ್ಕೆ ಮೊದಲೇ ಬರೆದುಕೊಳ್ಳುವುದರಿಂದ ಈ ಕಾಟ ಕಡಿಮೆ. ಯಾವುದು ಮೊದಲು ಎಂಬುದೂ ಸ್ಪಷ್ಟ.

ಹೊಗೆಸೊಪ್ಪಿನ ತೊಡಕು ಎರಡಕ್ಕೂ ಇದೆ: ಕವಳಕ್ಕೆ ಅದನ್ನೂ ಸೇರಿಸಿದರೆ ರೋಗ ಬಂದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಸೊಪ್ಪು ಹಾಕದೆ ಬರೀ ಎಲೆ-ಅಡಿಕೆ ಜಗಿಯುವವರನ್ನು ಬೇರೆಯಾಗಿಯೇ ಲೆಕ್ಕ ಹಾಕು. ಇದನ್ನು ಮಾಡದಿದ್ದರೆ ಉಳಿದದ್ದೆಲ್ಲ ಸುಮ್ನೆ.

ನಿನ್ನದು ಒಂದು ವರ್ಷದ ಪ್ರಬಂಧವಾದರೆ ಕೇಸ್-ಕಂಟ್ರೋಲ್ ಮಾಡು. ಹತ್ತಾರು ವರ್ಷ ಹಣ ಕೊಡುವ ಸಂಸ್ಥೆ ಸಿಕ್ಕರೆ ಕೋಹಾರ್ಟ್. ಮಂಗನ ಕಾಯಿಲೆಯಂಥದ್ದು ಊರಲ್ಲಿ ಎದ್ದಾಗ ಮಾತ್ರ ಕಾಯುವ ಮಾತೇ ಇಲ್ಲ: ಯಾರು ಕಾಡಿಗೆ ಹೋಗಿದ್ದರು, ಯಾರಿಗೆ ಉಣುಗು ಕಚ್ಚಿತ್ತು ಅಂತ ಅವತ್ತೇ ಮನೆಮನೆಗೆ ಹೋಗಿ ಕೇಳಬೇಕು.