ಪೀಟರ್ ಡಿಕಿನ್ಸನ್ ಅವರ ‘ದಿ ಡೆವಿಲ್ಸ್ ಚಿಲ್ಡ್ರನ್’: ಎರಡು ಬಾರಿ ಓದಿದೆ

ಹಳೆಯ ಪ್ರತಿಯೊಂದನ್ನು ಕೊಂಡೆ. ಅಂಟು ಒಣಗಿ ಹಾಳೆಗಳು ಕಳಚುತ್ತಿದ್ದವು, ಅಕ್ಷರಗಳೂ ಚಿಕ್ಕವು. ಮಾರಿದವರು ಇದನ್ನು ಮೊದಲೇ ತಿಳಿಸಬೇಕಿತ್ತು. ಆದರೆ ಪುಸ್ತಕವನ್ನು ಹಿಂದಿರುಗಿಸುವ ಮನಸ್ಸಾಗಲಿಲ್ಲ.

1970ರಲ್ಲಿ ಬಂದ ಮಕ್ಕಳ ಕಾದಂಬರಿ ಇದು. ಇಂಗ್ಲೆಂಡಿನ ಜನರಿಗೆ ಇದ್ದಕ್ಕಿದ್ದಂತೆ ಯಂತ್ರಗಳನ್ನು ಕಂಡರೆ ಭಯ, ದ್ವೇಷ. ಲಂಡನ್ನಿನಲ್ಲಿ ಒಂಟಿಯಾದ ನಿಕಿ ಎಂಬ ಹುಡುಗಿ ಸಿಖ್ಖರ ಗುಂಪೊಂದನ್ನು ಸೇರುತ್ತಾಳೆ. ಅವರಿಗೆ ಆ ಭಯ ತಟ್ಟಿಲ್ಲ. ಯಾವುದು ಊರಿನವರನ್ನು ಕೆರಳಿಸಬಹುದೆಂದು ಅವರಿಗೆ ತಿಳಿಯದು, ಅವಳಿಗೆ ತಿಳಿಯುತ್ತದೆ. ಗಣಿಯೊಳಗೆ ವಿಷಗಾಳಿಯನ್ನು ಮೊದಲೇ ಸೂಚಿಸುವ ಹಕ್ಕಿಯಂತೆ ಅವಳು ಅವರ ಮುಂದೆ ನಡೆಯುತ್ತಾಳೆ. ಈ ಕಲ್ಪನೆಯೊಂದೇ ನನ್ನನ್ನು ಹಿಡಿದು ಕೂರಿಸಿತು. ವಲಸಿಗರನ್ನು ಕರುಣೆಯ ಪಾತ್ರಗಳನ್ನಾಗಿಸದೆ, ಜಗಳವಾಡುವ, ನಗುವ, ಕಬ್ಬಿಣ ಬಡಿದು ಬದುಕು ಕಟ್ಟುವ ಮನುಷ್ಯರನ್ನಾಗಿ ಬರೆದಿದ್ದಾರೆ. ಅದಕ್ಕಾಗಿ ಈ ಲೇಖಕರ ಮೇಲೆ ನನಗೆ ಅಪಾರ ಗೌರವ.

1927ರಲ್ಲಿ ಆಫ್ರಿಕಾದ ಲಿವಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಡಿಕಿನ್ಸನ್ ಹದಿನೇಳು ವರ್ಷ ‘ಪಂಚ್’ ಪತ್ರಿಕೆಯಲ್ಲಿ ದುಡಿದವರು. ಅವರ ಮೊದಲ ಎರಡು ಪತ್ತೇದಾರಿ ಕಾದಂಬರಿಗಳಿಗೂ ‘ಗೋಲ್ಡ್ ಡ್ಯಾಗರ್’ ಪ್ರಶಸ್ತಿ ಬಂತು. ಮಕ್ಕಳ ಪುಸ್ತಕಗಳಿಗೆ ನೀಡುವ ಕಾರ್ನೆಗಿ ಪದಕವನ್ನೂ ‘ತುಲ್ಕು’ ಮತ್ತು ‘ಸಿಟಿ ಆಫ್ ಗೋಲ್ಡ್’ ಕೃತಿಗಳಿಗಾಗಿ ಸತತ ಎರಡು ಬಾರಿ ಪಡೆದರು. 2015ರಲ್ಲಿ ತೀರಿಕೊಂಡರು.

ಇದು ಮೂರು ಕಾದಂಬರಿಗಳ ಸರಣಿ. ಕೊನೆಗೆ ಪ್ರಕಟವಾದ ಈ ಪುಸ್ತಕದಲ್ಲೇ ಕಥೆಯ ಆರಂಭವಿದೆ. ಇದರಿಂದಲೇ ಓದಲು ತೊಡಗಿ. ‘ದಿ ವೆದರ್‌ಮಂಗರ್’ ಮೊದಲು ಬರೆದದ್ದು. ಅದರ ಅಂತ್ಯದಲ್ಲಿ ಯಂತ್ರದ್ವೇಷಕ್ಕೆ ಕೊಡುವ ಕಾರಣ ನನಗೆ ಒಪ್ಪಿಗೆಯಾಗಲಿಲ್ಲ. ನಿಕಿಯ ಕಥೆಯಲ್ಲಿ ಅಂಥ ವಿವರಣೆಯೇ ಇಲ್ಲ, ಭಯ ಮಾತ್ರ ಇದೆ.