ಕನ್ನಡದ ಖಗೋಳ ಪ್ರಶ್ನೆ ಡಬ್ಬಿ: ಕಾರ್ಡು ಚೆನ್ನ, ಚಕ್ರ ನಮ್ಮ ಊರಿನದಲ್ಲ

ಬೆಂಗಳೂರಿನ ಗಾಂಧಿ ಬಜಾರು, ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಈಗ ಸಿಗುತ್ತಿರುವ ಈ ಡಬ್ಬಿಯಲ್ಲಿ 150 ಪ್ರಶ್ನೆ ಕಾರ್ಡು, ತಾರೀಖು, ಹೊತ್ತಿಗೆ ತಕ್ಕಂತೆ ತಿರುಗಿಸಿದರೆ ಆಗಿನ ಆಕಾಶ ತೋರಿಸುವ ಒಂದು ನಕ್ಷತ್ರ ಚಕ್ರ, ಒಂದು ದಾಳ ಮತ್ತು 24 ಪುಟದ ಉತ್ತರ ಪುಸ್ತಿಕೆ ಇವೆ. ಬೆಲೆ 450 ರೂಪಾಯಿ. ಎಂಟನೇ ತರಗತಿಯಿಂದ ಮೇಲಿನವರಿಗೆ ಎಂದು ಅಚ್ಚಾಗಿದ್ದರೂ ಆರನೇ ತರಗತಿಯ ಮಕ್ಕಳು ಅರ್ಧಕ್ಕಿಂತ ಹೆಚ್ಚು ಕಾರ್ಡುಗಳಿಗೆ ಉತ್ತರ ಹೇಳಬಲ್ಲರು. ಭಾಷೆ ತಿಳಿಯಾಗಿದೆ. ಲುಬ್ಧಕ, ಅಗಸ್ತ್ಯ, ಮಹಾವ್ಯಾಧ ಎಂಬ ನಮ್ಮ ಹೆಸರುಗಳನ್ನೇ ಬಳಸಿ, ಕೆಳಗೆ ಚಿಕ್ಕ ಅಕ್ಷರದಲ್ಲಿ ಸಿರಿಯಸ್, ಕೆನೋಪಸ್, ಒರಾಯನ್ ಎಂದೂ ಕೊಟ್ಟಿದ್ದಾರೆ.

ಗ್ರಹಗಳ ವಿಭಾಗ ಗಟ್ಟಿಯಾಗಿದೆ. ಅತಿ ಬಿಸಿಯಾದ ಗ್ರಹ ಯಾವುದು ಎಂದು ಕೇಳಿದರೆ ಮಕ್ಕಳು ತಟ್ಟನೆ ಬುಧ ಎನ್ನುತ್ತಾರೆ, ಸೂರ್ಯನ ಪಕ್ಕದಲ್ಲೇ ಇದೆಯಲ್ಲ ಅಂತ. ಉತ್ತರ ಶುಕ್ರ. ಕಾರ್ಡಿನ ಹಿಂಬದಿ ಬರೀ ಹೆಸರು ಹೇಳಿ ಬಿಡದೆ ಕಾರಣವನ್ನೂ ಕೊಡುತ್ತದೆ: ಶುಕ್ರದ ವಾತಾವರಣದಲ್ಲಿ ಶೇಕಡಾ 96ಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡು, ಒತ್ತಡ ಭೂಮಿಯದಕ್ಕಿಂತ ಸುಮಾರು 90 ಪಟ್ಟು, ಒಳಗೆ ಬಂದ ಶಾಖ ಹೊರಗೆ ಹೋಗದೆ ನೆಲ ಸುಮಾರು 465 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಂತಿದೆ. ಬುಧನಲ್ಲಿ ಹಗಲು 430 ಡಿಗ್ರಿ ತಲುಪಿದರೂ ಶಾಖ ಹಿಡಿದಿಡಲು ಗಾಳಿಯ ಹೊದಿಕೆ ಇಲ್ಲ, ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಇಳಿಯುತ್ತದೆ. ಹೀಗೆ ತಪ್ಪು ಉತ್ತರ ಯಾಕೆ ತಪ್ಪು ಎಂದು ಹೇಳುವ ಕಾರ್ಡುಗಳು ಮೂವತ್ತರಷ್ಟಿವೆ. ಡಬ್ಬಿಗೆ ಕೊಟ್ಟ ದುಡ್ಡು ಇವುಗಳಿಂದಲೇ ಹುಟ್ಟುತ್ತದೆ.

ಇಡೀ ಡಬ್ಬಿಯಲ್ಲಿ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಮಳೆ ನಕ್ಷತ್ರದ ಕಾರ್ಡು. ‘ಆರಿದ್ರಾ ಮಳೆ ಸುರಿಯುವ ದಿನಗಳಲ್ಲಿ ರಾತ್ರಿ ಆರಿದ್ರಾ ನಕ್ಷತ್ರ ಯಾವ ದಿಕ್ಕಿಗೆ ಕಾಣುತ್ತದೆ?’ ಪೂರ್ವ, ಪಶ್ಚಿಮ, ನೆತ್ತಿ, ಕಾಣುವುದಿಲ್ಲ ಎಂದು ನಾಲ್ಕು ಆಯ್ಕೆ. ಸರಿಯುತ್ತರ ನಾಲ್ಕನೆಯದು. ಸೂರ್ಯ ಒಂದು ನಕ್ಷತ್ರದ ವಿಭಾಗದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳಿಗೆ ಆ ನಕ್ಷತ್ರದ ಮಳೆ ಎನ್ನುತ್ತೇವೆ. ಜೂನ್ 21, 22ರ ಸುಮಾರಿಗೆ ಸೂರ್ಯ ಆರಿದ್ರೆಗೆ ಬಂದಾಗ ಆ ಕೆಂಪು ನಕ್ಷತ್ರವೂ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ, ಹಗಲ ಬೆಳಕಿನಲ್ಲಿ ಅಡಗಿರುತ್ತದೆ. ಅದನ್ನು ನೋಡಬೇಕೆಂದರೆ ಜನವರಿ ಕೊನೆಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ತಲೆ ಎತ್ತಬೇಕು. ಮನೆಯ ಅಜ್ಜಿಗೆ ಗೊತ್ತಿರುವುದಕ್ಕೂ ಶಾಲೆಯ ಪಾಠಕ್ಕೂ ಗಂಟು ಹಾಕುವ ಇಂಥ ಪ್ರಶ್ನೆಗಳು ಡಬ್ಬಿಯಲ್ಲಿರುವುದು ಬರೀ ಐದು. ಐವತ್ತು ಇರಬೇಕಿತ್ತು.

ಹಳಸಿದ ಉತ್ತರಗಳೂ ಇವೆ. ಶನಿಗೆ 82 ಉಪಗ್ರಹ ಎಂದಿದೆ, ಅದು 2019ರ ಲೆಕ್ಕ. 2025ರ ಮಾರ್ಚ್‌ನಲ್ಲಿ ಒಟ್ಟಿಗೇ 128 ಹೊಸದಕ್ಕೆ ಮಾನ್ಯತೆ ಸಿಕ್ಕಿ ಸಂಖ್ಯೆ 274ಕ್ಕೆ ಏರಿತು. ಗುರುವಿಗೆ 79 ಎಂಬುದೂ ಹಳೆಯದೇ. ಎಣಿಕೆ ಬದಲಾಗುತ್ತಲೇ ಇರುವ ಪ್ರಶ್ನೆಯನ್ನು ಕಾರ್ಡಿನಲ್ಲಿ ಅಚ್ಚು ಹಾಕಲೇಬಾರದು. ‘ಅತಿ ಹೆಚ್ಚು ಉಪಗ್ರಹಗಳಿರುವ ಗ್ರಹ ಯಾವುದು’ ಎಂದು ಕೇಳಿದ್ದರೆ ಸಾಕಿತ್ತು. ಪ್ಲೂಟೋ ವಿಷಯ ಸರಿಯಾಗಿದೆ, 2006ರ ಆಗಸ್ಟ್‌ನಲ್ಲಿ ಕುಬ್ಜ ಗ್ರಹವಾದದ್ದನ್ನು ಕಾರಣ ಸಮೇತ ಹೇಳಿದ್ದಾರೆ.

ಇನ್ನು ಚಕ್ರ. ಡಬ್ಬಿಯ ದೊಡ್ಡ ಕೊರತೆ ಇಲ್ಲಿದೆ. ಇಂಥ ಚಕ್ರ ಒಂದೊಂದು ಅಕ್ಷಾಂಶಕ್ಕೆ ಒಂದೊಂದು ಥರ ಇರಬೇಕು. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಧ್ರುವ ನಕ್ಷತ್ರ ಉತ್ತರ ಕ್ಷಿತಿಜದಿಂದ ಅಷ್ಟೇ ಎತ್ತರದಲ್ಲಿ, ಅಂದರೆ ಚಾಚಿದ ಕೈಯ ಒಂದು ಮುಷ್ಟಿ, ಮೇಲೆ ಎರಡು ಬೆರಳಿನಷ್ಟು ಮೇಲೆ ಕಾಣಬೇಕು. ಚಕ್ರವನ್ನು ಸ್ಕೇಲು ಹಿಡಿದು ನೀವೇ ಅಳೆಯಬಹುದು. ನಡುವಿನ ರಿವೆಟ್ಟು ಧ್ರುವ. ಅಲ್ಲಿಂದ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ವೃತ್ತ) ಗೆರೆಗೆ 7 ಸೆಂಟಿಮೀಟರು, ಅದು 90 ಡಿಗ್ರಿಗೆ ಸಮ. ಹಾಗಾದರೆ ರಿವೆಟ್ಟಿನಿಂದ ಉತ್ತರ ಕ್ಷಿತಿಜದ ಅಂಚಿಗೆ ಸುಮಾರು 1 ಸೆಂಟಿಮೀಟರು ಇರಬೇಕು. ಇರುವುದು 2.7, ಅಂದರೆ ಸುಮಾರು 35 ಡಿಗ್ರಿ. ಕಾಶ್ಮೀರದಾಚೆಗೆ ಮಾಡಿದ ಆಕಾಶವನ್ನು ಬಸವನಗುಡಿಯ ಮಹಡಿಗೆ ಮಾರಿದಂತಾಯಿತು.

ಇದರಿಂದ ಏನೇನು ಕೆಡುತ್ತದೆ ನೋಡಿ. ಅಗಸ್ತ್ಯ ಇಲ್ಲಿ ದಕ್ಷಿಣದಲ್ಲಿ 24 ಡಿಗ್ರಿಯವರೆಗೂ ಏರುತ್ತದೆ. ಚಕ್ರದಲ್ಲಿ ಅದು ಅಂಚಿಗೆ ಅಂಟಿಕೊಂಡಿದೆ. ಮೇ ತಿಂಗಳ ನಡುವೆ ರಾತ್ರಿ ಒಂಬತ್ತಕ್ಕೆ ದಕ್ಷಿಣದಲ್ಲಿ ನೆಟ್ಟಗೆ ನಿಲ್ಲುವ ತ್ರಿಶಂಕು (ಸದರ್ನ್ ಕ್ರಾಸ್) ನಕ್ಷತ್ರಪುಂಜ ಚಕ್ರದಲ್ಲೇ ಇಲ್ಲ. ತಪ್ಪು ಕಾರ್ಡುಗಳಿಗೂ ಹರಡಿದೆ. ‘ಸಪ್ತರ್ಷಿ ಮಂಡಲ ಎಂದೂ ಮುಳುಗುವುದಿಲ್ಲ, ಸರಿಯೋ ತಪ್ಪೋ’ ಎಂಬುದಕ್ಕೆ ಪುಸ್ತಿಕೆ ‘ಸರಿ’ ಎನ್ನುತ್ತದೆ. ಬೆಂಗಳೂರಿನಲ್ಲಿ ಮುಳುಗದೆ ಉಳಿಯಬೇಕಾದರೆ ನಕ್ಷತ್ರ ಧ್ರುವದಿಂದ 13 ಡಿಗ್ರಿಯೊಳಗೆ ಇರಬೇಕು. ಸಪ್ತರ್ಷಿಗಳಲ್ಲಿ ಒಂದೂ ಅಷ್ಟು ಹತ್ತಿರ ಇಲ್ಲ. ಅಗಸ್ತ್ಯ ‘ದಕ್ಷಿಣ ಗೋಳಾರ್ಧದವರಿಗೆ ಮಾತ್ರ’ ಎಂಬ ಸಾಲೂ ಇದೆ. ಬಿದಿಗೆ ಚಂದ್ರನ ಚಿತ್ರವೂ ಸೆಟೆದು ನಿಂತಿದೆ. ನಮ್ಮಲ್ಲಿ ಫೆಬ್ರವರಿ, ಮಾರ್ಚ್ ಸಂಜೆ ಅದು ದೋಣಿಯಂತೆ ಮಲಗಿರುತ್ತದೆ. ಇವನ್ನು ಓದಿ ಉತ್ತರ ಕಲಿತ ಮಗು ಮಹಡಿ ಹತ್ತಿದರೆ ಕಣ್ಣಿಗೆ ಕಂಡದ್ದನ್ನು ನಂಬಬೇಕೋ ಕಾರ್ಡನ್ನೋ? ನಮಗೆ ನಿಜವಾಗಿ ಬೇಸರವಾಗುವುದು ಇದಕ್ಕೆ.

ಚಕ್ರವನ್ನು ಸರಿಮಾಡುವ ದಾರಿ ಅರ್ಧ ಮಾತ್ರ ಇದೆ. ನೆತ್ತಿ ಮತ್ತು ಪೂರ್ವ, ಪಶ್ಚಿಮದ ನಡುಭಾಗಕ್ಕೆ ಬಳಸಿ. ದಕ್ಷಿಣಕ್ಕೆ ಬೇಡ, ಅಲ್ಲಿನ ನಕ್ಷತ್ರಗಳೇ ಅಚ್ಚಾಗಿಲ್ಲ. ಗಡಿಯಾರದ ಹೊತ್ತಿನಿಂದ 20 ನಿಮಿಷ ಕಳೆದು ಚಕ್ರ ಕೂಡಿಸಿ, ಏಕೆಂದರೆ ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 77.6ರಲ್ಲಿ. ಇದೇ ಕಾರಣಕ್ಕೆ, ಏಪ್ರಿಲ್ 24ರ ಸುಮಾರಿಗೆ ನಮ್ಮ ಊರಿನಲ್ಲಿ ನೆರಳು ಕಾಲಡಿ ಸೇರುವುದು 12ಕ್ಕಲ್ಲ, ಸುಮಾರು 12 ಗಂಟೆ 17 ನಿಮಿಷಕ್ಕೆ. ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಹಾಗಾಗುತ್ತದೆ. ಈ ಶೂನ್ಯ ನೆರಳಿನ ಬಗ್ಗೆ ಡಬ್ಬಿಯಲ್ಲಿ ಒಂದು ಕಾರ್ಡೂ ಇಲ್ಲ. ಅಗಸ್ತ್ಯವನ್ನು ಹುಡುಕಲು ಚಕ್ರವೇ ಬೇಡ: ಫೆಬ್ರವರಿ ಎರಡನೇ ವಾರ ರಾತ್ರಿ ಒಂಬತ್ತೂ ಕಾಲಿಗೆ ದಕ್ಷಿಣಕ್ಕೆ ಮುಖ ಮಾಡಿ, ಎಲ್ಲಕ್ಕಿಂತ ಹೊಳೆಯುವ ಲುಬ್ಧಕವನ್ನು ಹಿಡಿದು ನೇರ ಕೆಳಗೆ ಮೂರೂವರೆ ಮುಷ್ಟಿ ಇಳಿಯಿರಿ. ಎದುರಿಗೆ ಅಪಾರ್ಟ್‌ಮೆಂಟು ಇಲ್ಲದಿದ್ದರೆ ಬೀದಿ ದೀಪದ ಬೆಳಕಿನಲ್ಲೂ ಸಿಗುತ್ತದೆ.

ಬೆಂಗಳೂರಿನವರು ಮಾಡಿದ ಕೆಲಸವೂ ಕಾರ್ಡುಗಳಲ್ಲಿ ಕಡಿಮೆ. ಚಂದ್ರಯಾನ 3 ಇಳಿದ 2023ರ ಆಗಸ್ಟ್ 23 ಇದೆ, ಸರಿ. ಆದರೆ ಆದಿತ್ಯ ಎಲ್1ರಲ್ಲಿ ಸೂರ್ಯನ ಕಿರೀಟ (ಕರೋನಾ ಎಂಬ ಹೊರ ವಾತಾವರಣ) ನೋಡುವ ಉಪಕರಣವನ್ನು ರೂಪಿಸಿದ್ದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಎಂಬುದಾಗಲಿ, ಅದೇ ಸಂಸ್ಥೆಯ ಕಾವಲೂರಿನ ದೂರದರ್ಶಕ 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದನ್ನು ನೋಡಿದ್ದಾಗಲಿ ಇಲ್ಲ. ಆ ಗ್ರಹಕ್ಕೆ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಆ ರಾತ್ರಿಯ ವೀಕ್ಷಣೆಗಳಿಂದ.

ಆಟದ ನಿಯಮದಲ್ಲಿ ದಾಳ ಬಿದ್ದಷ್ಟು ಅಂಕ. ಇದರಿಂದ ಅರಿವಿಗಿಂತ ಅದೃಷ್ಟಕ್ಕೆ ಬೆಲೆ. ದಾಳ ಪಕ್ಕಕ್ಕಿಡಿ, ಉತ್ತರಕ್ಕೆ ಒಂದು, ಕಾರಣ ಹೇಳಿದರೆ ಇನ್ನೆರಡು ಅಂಕ ಕೊಡಿ. ನಾಲ್ವರಿಗೆ 20 ಕಾರ್ಡು, ಮುಕ್ಕಾಲು ಗಂಟೆ. ಕಾಗದ ತೆಳು: ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಹಿಂಬದಿಯ ಉತ್ತರ ಎದುರಿಗೇ ಕಾಣುತ್ತದೆ, ಓದುವವರು ಕಾರ್ಡಿನ ಹಿಂದೆ ಒಂದು ದಪ್ಪ ರಟ್ಟು ಇಟ್ಟುಕೊಳ್ಳಬೇಕು. ಮಹಡಿಗೆ ಒಯ್ಯುವುದಾದರೆ ಪುಸ್ತಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ, ಡಿಸೆಂಬರಿನ ಇಬ್ಬನಿಗೆ ಹಾಳೆ ಮುದುರುತ್ತದೆ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ಇಲ್ಲದಿದ್ದರೆ ಕತ್ತಲೆಗೆ ಒಗ್ಗಿದ ಕಣ್ಣು ಮತ್ತೆ ಒಗ್ಗಲು ಇಪ್ಪತ್ತು ನಿಮಿಷ ಬೇಕು.

ಕೊಂಡ ದಿನವೇ ಉಪಗ್ರಹಗಳ ಎರಡು ಕಾರ್ಡು, ಸಪ್ತರ್ಷಿ, ಅಗಸ್ತ್ಯ ಮತ್ತು ಬಿದಿಗೆ ಚಂದ್ರನ ಕಾರ್ಡುಗಳನ್ನು ಬೇರೆ ತೆಗೆದು, ಸರಿಯಾದದ್ದನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಉಳಿದ 145 ಕಾರ್ಡುಗಳಿಗೆ 450 ರೂಪಾಯಿ ಹೆಚ್ಚೇನಲ್ಲ. ಚಕ್ರಕ್ಕಾಗಿಯೇ ಕೊಳ್ಳುವವರು ಮಾತ್ರ 13 ಡಿಗ್ರಿ ಎಂದು ಬರೆದಿರುವುದನ್ನು ಕೇಳಿ ಪಡೆಯಿರಿ.